ಗವಿಯ ಬಾಗಿಲಲ್ಲಿ ಬೈಗುಳ

ಕೊಟ್ಟೂರಿನ ಛತ್ರದಲ್ಲಿ ಕಣ್ಣಿನ ಆಪರೇಷನ್ ಕ್ಯಾಂಪು ಹಾಕಿದ್ದರು. ಹಿಂದಿನ ಖೋಲಿಯಲ್ಲಿ ಹೆಂಗಸರನ್ನು ಸಾಲಾಗಿ ಚಾಪೆಯ ಮೇಲೆ ಮಲಗಿಸಿದ್ದರು. ನಾನು ಹೊಸ್ತಿಲ ಮೇಲೆ ಕೂತಿದ್ದೆ. ಔಷಧಿಯ ವಾಸನೆಯ ಅಡಿಯಿಂದ ಇನ್ನೊಂದು ವಾಸನೆ ಬಂತು. ತಲೆಯೆತ್ತಿ ನೋಡಿದರೆ ಸೂರಿನ ಸಂದಿಯಲ್ಲಿ ಬಾವಲಿಗಳು. ಬಾವಲಿ ಹಿಕ್ಕೆಯ ನಾತ ಒಮ್ಮೆ ಮೂಗಿಗೆ ಹತ್ತಿದರೆ ಸಾಯುವ ತನಕ ಬಿಡುವುದಿಲ್ಲ. ಬೇರೆ ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಇನ್ನಷ್ಟು ಎಳೆದುಕೊಂಡೆ. ನಿಮಗೆ ಅಸಹ್ಯವಾದರೆ ಆಗಲಿ, ನನಗೆ ಅದು ನನ್ನ ಹರೆಯದ ವಾಸನೆ, ಗುಡ್ಡದ ಗವಿಗಳ ವಾಸನೆ.

ಒಳಗೆ ಗೋಡೆಯ ಪಕ್ಕದ ಚಾಪೆಯಲ್ಲಿ ಮಲಗಿದ್ದವಳು ಕೆಂಚವ್ವ, ನನ್ನ ಮೈದುನನ ಹೆಂಡತಿ. ಒಂದು ಕಣ್ಣು ಜಾಲಿಮುಳ್ಳಿಗೆ ಎಂದೋ ಹೋಗಿತ್ತು. ಉಳಿದದ್ದನ್ನು ಅವತ್ತು ಬೆಳಿಗ್ಗೆ ಕೊಯ್ದು ಪಟ್ಟಿ ಕಟ್ಟಿದ್ದರು. ಅವಳ ಸೊಸೆ ಹಸಿಬಾಣಂತಿ, ಅದಕ್ಕೆ ನಾನು ಕರೆದುಕೊಂಡು ಬಂದದ್ದು. ನಮಗಿಬ್ಬರಿಗೂ ಮಾತಿರಲಿಲ್ಲ. ಹಿತ್ತಲ ಕೋಳಿಯ ವಿಷಯ. ಹೇಳಿದರೆ ನಗುತ್ತೀರಿ, ಹೇಳುವುದಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಕೇಳಿದ, "ಏನವ್ವಾ, ಇಬ್ರೂ ಮೂಗ್ಯಾರೇನು?" ಅದಕ್ಕೂ ಇಬ್ಬರೂ ಉತ್ತರ ಕೊಡಲಿಲ್ಲ. ಈಗ ನಾನು ಹೊಸ್ತಿಲಲ್ಲಿ ಇದ್ದೇನೆಯೋ ಎದ್ದು ಹೋದೆನೋ ಅವಳಿಗೆ ತಿಳಿಯದು. ನಾನೂ ತಿಳಿಸಿರಲಿಲ್ಲ.

ಆದರೆ ಗವಿಯ ವಿಷಯ ಹೇಳುತ್ತಿದ್ದೆ.

ನಾವಿಬ್ಬರೂ ಮದುವೆಯಾಗಿ ಬಂದದ್ದು ಹೊಸಹಳ್ಳಿ ಕಡೆಯ ಕುರಿಗಾರರ ಮನೆಗೆ. ಮಳೆ ಬಿದ್ದು ಊರ ಸುತ್ತ ಬಿತ್ತನೆಯಾದ ಮೇಲೆ ಕುರಿಗಳಿಗೆ ಗುಡ್ಡವೇ ಗತಿ. ಕುರಿ ಮೇಯುವಾಗ ಕಾಯುವವರು ಏನು ಮಾಡಬೇಕು? ಗಂಡಸರು ಕಂಬಳಿ ಹೊದ್ದು ಮಲಗುತ್ತಾರೆ. ನಾವು ಗವಿ ಹೊಗುತ್ತಿದ್ದೆವು. ಬಂಡೆ ಮೇಲೆ ಬಂಡೆ ಬಿದ್ದ ಆ ಗುಡ್ಡಗಳಲ್ಲಿ ಗವಿಗೇನು ಬರ. ಏನು ಸಿಗುತ್ತಿತ್ತು ಎಂದು ಕೇಳಬೇಡಿ. ಒಂದರಲ್ಲಿ ಮುಳ್ಳಂದಿಯ ಮುಳ್ಳು ಸಿಕ್ಕಿತು. ಒಂದರಲ್ಲಿ ಕರಡಿಯ ಲದ್ದಿ, ಅದರ ತುಂಬ ಬಾರಿಹಣ್ಣಿನ ಬೀಜ. ಅಲ್ಲಿಂದ ಓಡಿದ್ದು ನೆನೆದರೆ ಇವತ್ತಿಗೂ ಮೊಣಕಾಲು ನೋಯುತ್ತದೆ. ಮನೆಯಲ್ಲಿ ಅತ್ತೆಯ ಕಣ್ಣು ಬೀಳದ ಒಂದು ಮೂಲೆ ಇರಲಿಲ್ಲ. ಗವಿಯಲ್ಲಿ ನಮ್ಮ ಕೈಯೇ ನಮಗೆ ಕಾಣದು. ಅಷ್ಟಕ್ಕೇ ಹೋಗುತ್ತಿದ್ದೆವೋ ಏನೋ.

ಗವಿಗೆ ಒಂದು ಕಟ್ಟಳೆ ಇದೆ. ಚಪ್ಪಲಿಯನ್ನು ಹೊರಗೇ ಬಿಡಬೇಕು, ಒಳಗೆ ಯಾವ ದೇವರಿದ್ದಾನೋ ಯಾರಿಗೆ ಗೊತ್ತು. ಒಬ್ಬರು ಒಳಗೆ ಹೋದರೆ ಒಬ್ಬರು ಬಾಗಿಲಲ್ಲಿ ಕೂರಬೇಕು. ಕೂತವರು ಬಾಯಿ ಮುಚ್ಚುವಂತಿಲ್ಲ. ಒಂದು ಸಲ ಕೂಗಿದರೆ ಆ ಕೂಗು ನಾಲ್ಕು ಗೋಡೆಗೂ ಬಡಿದು ಒಳಗಿನವರ ದಾರಿ ಕೆಡಿಸುತ್ತದೆ. ಬಿಡದೆ ಮಾತಾಡುತ್ತಿದ್ದರೆ ದನಿ ಹತ್ತಿರವಾಯಿತೋ ದೂರವಾಯಿತೋ ತಿಳಿದು ಆ ಜಾಡು ಹಿಡಿದು ಬರಬಹುದು. ಕೆಂಚವ್ವ ಬಳ್ಳಿಯ ಹಾಗೆ ಇದ್ದಳು, ಅವಳು ನುಸುಳುವವಳು. ನಾನು ಆಗಲೇ ಕಣಜದ ಹಾಗೆ, ಕೂರುವವಳು. ಸೊಂಟಕ್ಕೆ ಸಂದಿ ಸಾಲದವರಿಗೆ ಬಾಯಿಯಾದರೂ ದೊಡ್ಡದಿರಬೇಕಲ್ಲ.

ನಮ್ಮ ಹಟ್ಟಿಗೆ ರಾತ್ರಿಶಾಲೆ ಬಂದ ಕಾಲದಲ್ಲಿ ನಮ್ಮ ಮಾತು ಮೊದಲ ಸಲ ನಿಂತಿತು. ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದೆ. ಅವಳ ಮಗನಿಗೆ ಜ್ವರ ಬಂತು. ಇವಳು ಗುಡ್ಡದ ದೇವಿಗೆ ಹರಕೆ ಹೊತ್ತು ನನ್ನ ತವರಿನ ಕುರಿಯನ್ನು ಕೊಟ್ಟುಬಿಟ್ಟಳು. ನನ್ನಪ್ಪ ಮದುವೆಯಲ್ಲಿ ನನ್ನ ಹಿಂದೆ ನಡೆಸಿ ಕಳಿಸಿದ ಕುರಿಯ ಸಂತತಿ ಅದು. ವಾಪಸು ಬಂದು ಕೇಳಿದ್ದಕ್ಕೆ, "ದೇವಿ ಕೇಳಿದ್ಲು, ಕೊಟ್ನಿ" ಅಂದಳು. ಅಲ್ಲಿಗೆ ಮಾತು ಮುಗಿಯಿತು. ಆ ಕುರಿಯದು ಒಂದೇ ಮರಿ ಉಳಿದಿತ್ತು, ಹೆಣ್ಣು. ಅದು ಹೋದರೆ ನನ್ನ ತವರಿನ ಬಳ್ಳಿ ಕತ್ತರಿಸಿದಂತೆ.

ಒಂದು ಮಧ್ಯಾಹ್ನ ಆ ಮರಿ ಕಾಣಲಿಲ್ಲ. ಅವಳು ಗುಡ್ಡದ ಆ ಮಗ್ಗುಲು ಹುಡುಕಲು ಹೋದಳು, ನಾನು ಈ ಮಗ್ಗುಲು. ಹೇಳಿ ಹೋಗಲಿಲ್ಲ, ಹೇಳಬೇಕೆಂದರೆ ಮಾತಾಡಬೇಕಲ್ಲ. ನಾನು ಸುತ್ತಿ ಆ ಕಡೆ ಬಂದಾಗ ಹಳೆಯ ಗಣಿಯ ಸುರಂಗದ ಬಾಯಲ್ಲಿ ಅವಳ ಚಪ್ಪಲಿ ಇದ್ದವು.

ಗವಿ ಬೇರೆ, ಸುರಂಗ ಬೇರೆ. ಗವಿಯನ್ನು ಗುಡ್ಡ ತಾನೇ ಮಾಡಿಕೊಂಡದ್ದು, ಎಲ್ಲೋ ಒಂದು ಕಡೆ ಸಾಕು ಎಂದು ನಿಲ್ಲುತ್ತದೆ. ಮನುಷ್ಯ ಕೊರೆದದ್ದಕ್ಕೆ ಸಾಕು ಎನ್ನುವುದು ಗೊತ್ತಿಲ್ಲ. ಯಾವ ಕಾಲದವರು ಕೊರೆದರೋ, ಯಾವ ಕಲ್ಲು ಬೇಕಿತ್ತೋ, ಕಲ್ಲು ತಿರುಗಿದ ಕಡೆಗೆಲ್ಲ ತಿರುಗಿ, ಕವಲೊಡೆದು, ನಡುನಡುವೆ ನೀರು ನಿಂತ ಗುಂಡಿ ಬಿಟ್ಟು ಹೋಗಿದ್ದರು. ಅದಕ್ಕೆ ನಾವು ಯಾವತ್ತೂ ಇಳಿದವರಲ್ಲ. ಇವಳು ಬಾಗಿಲಲ್ಲಿ ಒಬ್ಬರನ್ನೂ ಕೂರಿಸದೆ, ಒಂದು ಬೆಂಕಿಪೆಟ್ಟಿಗೆ ನಂಬಿ ಇಳಿದಿದ್ದಳು.

ಕಿವಿ ಕೊಟ್ಟೆ. ಒಳಗೆ ಎಲ್ಲೋ ಒಂದು ಕಲ್ಲು ಉರುಳಿ ನೀರಿಗೆ ಬಿತ್ತು. ಹೆಸರು ಹಿಡಿದು ಕರೆಯಲು ನನ್ನ ಬಾಯಿ ಏಳಲಿಲ್ಲ. ಆದರೆ ಬೈಯುವುದಕ್ಕೆ ಯಾವ ಅಡ್ಡಿ?

"ಏ ಹಾದರಗಿತ್ತಿ, ನಿಮ್ಮವ್ವ ನಿನ್ನ ಹಡಿಯೋ ಬದ್ಲಿ ಒಂದು ಒಳ್ಳು ಹಡದಿದ್ರ ಜ್ವಾಳನಾರ ಕುಟ್ತಿದ್ವಿ. ಕಂಡೋರ ಕುರಿ ಕೊಟ್ಟು ಪುಣ್ಯ ಕಟ್ಕೊಳ್ಳಾಕಿ, ಈಗ ಬಿಲದಾಗ ಸಾಯಾಕ ಹೊಂಟೀಯೇನು? ನೀ ಸತ್ರ ನಿನ್ನ ಮಕ್ಳಿಗೆ ರೊಟ್ಟಿ ಯಾರು ಬಡೀಬೇಕು, ನಾನಾ?"

ಶುರುವಾದ ಮೇಲೆ ನಿಲ್ಲಿಸಲಿಲ್ಲ. ಒಳಗಿನಿಂದ ಉಸಿರಿಲ್ಲ. ಬೈಗುಳಕ್ಕೂ ಒಂದು ತಳ ಇರುತ್ತದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ತವರು, ಅತ್ತೆಮನೆ, ಅವಳ ಅಡುಗೆ, ಅವಳ ನಡಿಗೆ ಎಲ್ಲ ಬೈದು ಮುಗಿಯಿತು. ಬಾಯಿ ಒಣಗಿತು. ಮಾತು ನಿಂತರೆ ಅವಳು ನಿಂತಂತೆ. ಆಗ ನಾಲಗೆಗೆ ಬಂದದ್ದು ಆ ಕುರಿಯ ವಂಶ. ಕುರಿಗಾರರಿಗೆ ಅದು ಮುಗಿಯುವ ಮಾತಲ್ಲ.

"ನಮ್ಮಪ್ಪ ಕೊಟ್ಟದ್ದು ಸುಳಿಗೊಂಬಿಂದು. ಅದಕ್ಕ ಹುಟ್ಟಿದ್ದು ಕೆಂದಿ. ಕೆಂದಿಗೆ ಎರಡು ಮರಿ, ಒಂದು ತ್ವಾಳ ತಿಂತು, ಇನ್ನೊಂದು ಬಿಳಿಕಿವೀದು. ಬಿಳಿಕಿವೀದಕ್ಕ ಹುಟ್ಟಿದ್ದು ನೀ ದೇವಿಗೆ ಕೊಟ್ಟದ್ದು..."

"ಬಿಳಿಕಿವೀದಕ್ಕಲ್ಲ." ಸುರಂಗದ ಎಡಗಡೆಯಿಂದ, ದೂರದಿಂದ, ದನಿ ಬಂತು. "ಬಿಳಿಕಿವೀದು ಗೊಡ್ಡಿತ್ತು. ಅದು ಹುಟ್ಟಿದ್ದು ಕೆಂದಿಗೇ, ಮೂರನೇ ಸೂಲು."

ಅಷ್ಟೆಲ್ಲ ಬೈದರೂ ತುಟಿ ಬಿಚ್ಚದವಳು ಕುರಿಯ ಲೆಕ್ಕ ತಪ್ಪಿದ್ದನ್ನು ತಡೆಯಲಾರದೆ ಹೋದಳು.

"ನಿನಗೇನು ಗೊತ್ತು? ಸೂಲಗಿತ್ತಿ ನೀನಾ?"

"ನಾನ ಹಿಡಿದೆಳದದ್ದು. ನೀ ಉಣ್ಣಾಕ ಕುಂತಿದ್ದಿ."

ಹೀಗೆ ನಾನು ಒಂದು ಹೇಳುವುದು, ಅವಳು ತಿದ್ದುವುದು. ತಿದ್ದುವ ದನಿ ಹತ್ತಿರವಾಗುತ್ತ ಬಂತು. ಕಡೆಗೆ ಕತ್ತಲೆಯಿಂದ ಒಂದು ಕೈ, ಆಮೇಲೆ ಜೇಡರ ಬಲೆ ಹೊದ್ದ ತಲೆ. ಮೊಣಕಾಲು ತರಚಿ ರಕ್ತ, ಮೈಯೆಲ್ಲ ಬಾವಲಿ ಹಿಕ್ಕೆ. ಕಡ್ಡಿಗಳೆಲ್ಲ ನೀರಿನಲ್ಲಿ ತೊಯ್ದಿದ್ದವಂತೆ. ಕೈಯಲ್ಲಿ ಮರಿ ಇರಲಿಲ್ಲ.

"ಒಳಗಿಲ್ಲ," ಅಂದಳು. ತಲೆಯ ಮೇಲಿನ ಬಲೆ ಕೀಳುತ್ತ ಅಂದಳು, "ದೇವಿಗೆ ಚಲೋದು ಕೊಡಬೇಕಿತ್ತು. ಹಿಂಡಿನಾಗ ಅದ ಚಲೋದಿತ್ತು. ನಂದು ಅಂತ ಇದ್ರ ನಂದ ಕೊಡ್ತಿದ್ನಿ."

ಇದು ಕ್ಷಮೆ ಕೇಳಿದ್ದೋ ಅಲ್ಲವೋ ಇವತ್ತಿಗೂ ನನಗೆ ತಿಳಿಯದು. ಮರಿ ಲಂಟಾನದ ಪೊದೆಯ ನೆರಳಲ್ಲಿ ಮಲಗಿತ್ತು. ಹೊತ್ತಿಳಿಯುವಾಗ ತಾನಾಗಿ ಎದ್ದು ಬಂದು ಹಿಂಡು ಸೇರಿತು. ಅದನ್ನು ನೋಡಿ ಕೆಂಚವ್ವ ನಕ್ಕಳು. ಮನೆಯ ಹತ್ತಿರ ಬಂದಾಗ ಅಂದಳು, "ಏನ ಆಗ್ಲಿ, ಮೊದ್ಲು ಮಾತಾಡಿದ್ದು ನೀನ." ಬೈದದ್ದು ಮಾತಾಡಿದಂತಲ್ಲ ಎಂದು ನನ್ನ ವಾದ. ಮೊಮ್ಮಕ್ಕಳಾದರೂ ಆ ವಾದ ಮುಗಿದಿಲ್ಲ.

ಛತ್ರದ ಹೊಸ್ತಿಲಲ್ಲಿ ಇಷ್ಟೆಲ್ಲ ತಲೆಯಲ್ಲಿ ಓಡುತ್ತಿದ್ದಾಗ ಒಳಗೆ ಚಾಪೆ ಸರಿದ ಸದ್ದಾಯಿತು. ಏಳಬೇಡಿ, ಬಗ್ಗಬೇಡಿ ಎಂದು ಡಾಕ್ಟರು ಅಷ್ಟು ಹೇಳಿದ್ದರು. ಇವಳು ಯಾರನ್ನೂ ಕರೆಯದೆ ಎದ್ದು ನಿಂತಿದ್ದಳು. ಎರಡೂ ಕೈ ಮುಂದೆ ಚಾಚಿ, ಮೂಲೆಯಲ್ಲಿ ಒಂದು ಕಬ್ಬಿಣದ ಮಂಚ ಇದ್ದ ಕಡೆಗೇ ಹೆಜ್ಜೆ ಇಡುತ್ತಿದ್ದಳು. ಅದೇ ಕೆಂಚವ್ವ, ಬಾಗಿಲಲ್ಲಿ ಒಬ್ಬರನ್ನು ಕೂರಿಸದೆ ಇಳಿಯುವವಳು.

"ಎತ್ಲಾಗ ಹೊಂಟಿಯಲೇ, ಹುಟ್ಟುಗುರುಡಿ," ಅಂದೆ. "ಅತ್ಲಾಗ ಮಂಚ ಐತಿ. ಇದ್ದೊಂದು ಕಣ್ಣನ್ನೂ ಅದಕ್ಕ ಬಡಿಸ್ಕೊಂತೀಯೇನು? ನನ್ನ ಕೋಳಿ ಕದ್ದು ಹಿಡಿಯಾಕ ದಾರಿ ಗೊತ್ತಾಗ್ತೈತಿ, ಬಾಗಿಲು ಗೊತ್ತಾಗಲ್ಲ."

ಸಾಲಿನ ಹೆಂಗಸರೆಲ್ಲ ಪಟ್ಟಿ ಕಟ್ಟಿದ ಮುಖ ಇತ್ತ ತಿರುಗಿಸಿದರು. ಅವಳು ನಿಂತಳು. ಕತ್ತು ಓರೆ ಮಾಡಿ ಕಿವಿ ಕೊಟ್ಟಳು, ಸುರಂಗದಲ್ಲೂ ಹೀಗೆಯೇ ಕೊಟ್ಟಿದ್ದಳೇನೋ. ಆಮೇಲೆ ನೆಟ್ಟಗೆ ನನ್ನ ಕಡೆಗೆ ತಿರುಗಿದಳು.

ಎದ್ದು ಕೈ ಹಿಡಿಯಬಹುದಿತ್ತು. ಹಿಡಿಯಲು ಹೊರಟಿದ್ದೆ ಕೂಡ. ಅಷ್ಟರಲ್ಲಿ ಅವಳೇ ಅಂದಳು:

"ನಿಲ್ಲಿಸಬ್ಯಾಡ. ಇನ್ನೊಂದಿಷ್ಟು ಬೈಯಿ, ಬರ್ತೀನಿ."