ಮಂಚಿಕೇರಿಯವರೆಗಿನ ಜೊತೆ

ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕದ ಹೆಂಗಸು ಮುಂದಿನ ಸೀಟಿನ ಕಂಬಿಯನ್ನು ಬೆರಳು ಬಿಳುಚುವಷ್ಟು ಬಿಗಿಯಾಗಿ ಹಿಡಿದಿದ್ದಳು. ಕಾನ್ವೆಂಟಿನಲ್ಲಿ ಕಲಿತ ನನಗೆ ಅಪರಿಚಿತರನ್ನು ಮಾತಾಡಿಸುವ ಅಭ್ಯಾಸವಿಲ್ಲ. ಆದರೂ ಕುತೂಹಲ ತಡೆಯದೆ, "ಏನಮ್ಮ, ನೋವಿದೆಯೇ?" ಎಂದೆ.

ಅವಳು ಎದೆಯ ಮೇಲೆ ಕೈಯಿಟ್ಟು, "ಇಲ್ಲೆ" ಎಂದಳು.

ನೋವು ಇಲ್ಲೇ ಎಂದಳೆಂದು ತಿಳಿದು ನಾನು ಎದ್ದು ನಿಂತೆ. ಬಸ್ ನಿಲ್ಲಿಸುವಂತೆ ಕಂಡಕ್ಟರಿಗೆ ಆಜ್ಞೆ ಮಾಡಿದೆ.

"ಅಮ್ಮಾರ, ಅವ್ರ ಮನಿ ಮಾತಿನಾಗ ಇಲ್ಲೆ ಅಂದ್ರ ಇಲ್ಲ ಅಂತ. ನೀವು ಕುಂದರ್ರಿ," ಎಂದ ಆತ. ಬಸ್ಸೆಲ್ಲ ನಕ್ಕಿತು. ಅವಮಾನದಿಂದ ಏದುಸಿರು ಬಿಡುತ್ತ ಕುಳಿತುಬಿಟ್ಟೆ.

ಅವಳು ಕಂಬಿ ಬಿಟ್ಟು ನನ್ನ ಕೈ ಹಿಡಿದಳು. "ನಿಧಾನ ಉಸಿರು ಬಿಡಿ ಅಕ್ಕಾ. ನಂಗೂ ಹಿಂಗೇ ಆಗ್ತದೆ."

ಒಂದು ವರ್ಷದಿಂದ ಬಸ್ ಹತ್ತಿದರೆ ಸಾಕು, ಅವಳ ಎದೆ ಹೊಡೆದುಕೊಳ್ಳುತ್ತಿತ್ತಂತೆ. ಗೆಳತಿಯೊಬ್ಬಳು ಜೊತೆಗೆ ಕೂತು ಮೊದಲು ಒಂದೇ ಸ್ಟಾಪ್, ಆಮೇಲೆ ಎರಡು ಎಂದು ರೂಢಿ ಮಾಡಿಸಿದ್ದಳು. ಒಬ್ಬಳೇ ಹೊರಟದ್ದು ಇದೇ ಮೊದಲು. ನಡುವೆ ಇಳಿದುಬಿಟ್ಟರೆ ಮತ್ತೆ ಹತ್ತುವ ಧೈರ್ಯ ಬಾರದು ಎಂದಳು. ಹೆದರಿಕೆ ಮೊದಲು ಹೊಟ್ಟೆಯಲ್ಲಿ ಶುರುವಾಗುತ್ತದೋ, ಕಾಲಿನಲ್ಲೋ ಎಂದು ನಾನು ಕೇಳುತ್ತ ಹೋದೆ; ಅವಳು ಟೀಚರಂತೆ ವಿವರಿಸುತ್ತ ಬಂದಳು.

ಮಂಚಿಕೇರಿಯಲ್ಲಿ ಗೆಳತಿ ಕಾಯುತ್ತಿದ್ದಳು. ಇಳಿದವಳು ಹೇಳಿದ್ದು ಕಿಟಕಿಯಲ್ಲಿ ಕೇಳಿಸಿತು: "ಎಂಗೆ ಹೆದರಲೆ ಪುರಸೊತ್ತೇ ಸಿಕ್ಕಿದ್ದಿಲ್ಲೆ ಮಾರಾಯ್ತಿ. ಆ ಅಜ್ಜಿಗೆ ರಾಶಿ ಹೆದ್ರಿಕೆ, ಪಾಪ. ಆನೇ ಸಮಾಧಾನ ಮಾಡಿ ಕರ್ಕಂಡು ಬಂದಿ." ಎಂಗೆ ಅಂದರೆ ನನಗೆ, ಆನು ಅಂದರೆ ನಾನು ಎಂದು ಈ ಸಲ ಕಂಡಕ್ಟರನ ನೆರವಿಲ್ಲದೆ ತಿಳಿಯಿತು.

ತಪ್ಪು ಕಂಡರೆ ತಿದ್ದದೆ ಬಿಡುವವಳಲ್ಲ ನಾನು. ಆ ದಿನ, ಹೆದರಿದವಳು ನಾನಲ್ಲ ಎನ್ನದೆ ಬಿಟ್ಟೆ. ಅಜ್ಜಿ ಎಂದದ್ದನ್ನು ಮಾತ್ರ ಇನ್ನೂ ಒಪ್ಪಿಲ್ಲ.