ಅರಬ್‌ವಾಡಿಯ ಕತ್ತೆಕಲ್ಲು

ಇಬ್ರಾಹಿಂ ಚಾಚಾ, ಆ ಕಲ್ಲಿನ ಮೇಲೆ ಅಕ್ಷರಗಳಿದ್ದವು. ನೀವು ಕಂಡದ್ದು ನಿಜ. ಅವನ್ನು ಉಳಿಯಿಂದ ಹೊಡೆಸಿ ಅಳಿಸಿದವನು ನಾನು — ನಿಮ್ಮ ಸದಾ, ನಿಮ್ಮ ಜಾಗದಲ್ಲಿ ಇಪ್ಪತ್ತಾರು ವರ್ಷ ಇಡ್ಲಿ ದೋಸೆ ಮಾರಿದ ಸದಾನಂದ.

ಇಷ್ಟು ಹೇಳುವುದಕ್ಕೆ ನನಗೆ ಆರು ವರ್ಷ ಬೇಕಾಯಿತು. ಅದನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ, ನಿಮಗೆ ಓದಲು ಬಾರದ ಭಾಷೆಯಲ್ಲಿ. ಥೂ, ನನ್ನ ಧೈರ್ಯ ಇಷ್ಟೇ.

ಕಳವಾ ದಾಟಿ ರಬಾಳೆಯ ಕಡೆ ಹೋಗುವಾಗ ಖಾಡಿಯ ಉಪ್ಪು ಹಿನ್ನೀರಿನ ಅಂಚಿನಲ್ಲಿ ನಿಮ್ಮ ಅರಬ್‌ವಾಡಿ ಇತ್ತು. ಮೂವತ್ತೆಂಟು ಮನೆ, ಒಂದು ಸಣ್ಣ ಮಸೀದಿ, ಎರಡು ಬಾವಿ. ನಾನು ಕಾರ್ಕಳದಿಂದ ಬಂದು ಊರೂರು ಅಲೆದು ಹೋಟೆಲಿಗೆ ಜಾಗ ಹುಡುಕುತ್ತಿದ್ದಾಗ ಯಾರೂ ಕೊಡಲಿಲ್ಲ. ಶಾಲೆಯ ಮಾಸ್ತರರಾಗಿದ್ದ ನೀವು ಯಾವ ಊರು ಎಂದು ಕೇಳಿದಿರಿ. ಕರ್ನಾಟಕ ಎಂದೆ. ಅಷ್ಟಕ್ಕೇ ನಿಮ್ಮ ಮುಖ ಅರಳಿತು; ರಸ್ತೆ ಬದಿಯ ಹಳೆಯ ಉಗ್ರಾಣವನ್ನು ಬಾಡಿಗೆಗೆ ಬಿಟ್ಟುಕೊಟ್ಟಿರಿ. ಹಳೆಯ ಉಪಕಾರ ತೀರಿಸುತ್ತಿದ್ದೇನೆ ಎಂದಿರಿ. ನನಗೆ ಏನೂ ಅರ್ಥವಾಗಿರಲಿಲ್ಲ. ಮಾಸ್ತರರಿಗೆ ಸ್ವಲ್ಪ ಲೂಸ್ ಇರಬೇಕು ಎಂದುಕೊಂಡೆ.

ಮತ್ತೆ ಅರ್ಥವಾಯಿತು — ಆಗದೆ ಏನು! ದಿನಾ ಬೆಳಿಗ್ಗೆ ಕೌಂಟರಿನ ಪಕ್ಕದ ಮೇಜಿನಲ್ಲಿ ಕುಳಿತು, ಚಹಾವನ್ನು ಸಾಸರಿಗೆ ಸುರಿದುಕೊಂಡು, ಊದುತ್ತಾ ಅದೇ ಕಥೆ ಹೇಳುತ್ತಿದ್ದಿರಿ. ಸಾವಿರ ವರ್ಷಕ್ಕೂ ಹಿಂದೆ ಅರಬರ ಹಡಗುಗಳು ಕುದುರೆ, ಖರ್ಜೂರ ಹೇರಿಕೊಂಡು ಈ ಖಾಡಿಗೆ ಬರುತ್ತಿದ್ದವಂತೆ. ಬಂದವರಲ್ಲಿ ಕೆಲವರು ಇಲ್ಲೇ ಮದುವೆಯಾಗಿ ನಿಂತರಂತೆ. ಅವರಿಗೆ ನೆಲ ಕೊಟ್ಟವರು ರಾಷ್ಟ್ರಕೂಟರು. “ತುಮ್ಹಾರೇ ರಾಜಾ ನೇ ಹಮೇ ಬಿಠಾಯಾ, ಸದಾ!” ಎಂದು ನೀವು ಮೇಜು ಕುಟ್ಟುತ್ತಿದ್ದಿರಿ. ನಿಮ್ಮ ಕನ್ನಡದ ರಾಜರೇ ನಮ್ಮನ್ನು ಇಲ್ಲಿ ಕೂರಿಸಿದ್ದು ಎಂದು. ಆಮೇಲೆ ಬಂದ ಶಿಲಾಹಾರರು ಆ ದಾನವನ್ನು ಕಲ್ಲಿನಲ್ಲಿ ಬರೆಸಿದರು: ಮೇಲೆ ನಾಗರಿ ಸಾಲು, ನಡುವೆ ಅರಬ್ಬಿ ಸಾಲು, ಕೆಳಗೊಂದು ಕತ್ತೆಯ ಚಿತ್ರ. ದಾನ ಕೆಡಿಸಿದವನ ತಾಯಿಗೆ ಏನಾಗಲಿ ಎಂಬ ಶಾಪವನ್ನು ಆ ಕತ್ತೆ ಹೇಳುತ್ತದೆ. ಬಿಡಿಸಿ ಬರೆಯಲಾರೆ, ನನಗೂ ತಾಯಿ ಇದ್ದಳು. ಗುಜರಾತಿನ ಸುಲ್ತಾನರು ಬಂದರು, ಹೋದರು. ಪೋರ್ಚುಗೀಸರು ಮಸೀದಿ ಕೆಡವಿ ಕಲ್ಲನ್ನು ಇಗರ್ಜಿಯ ಮೆಟ್ಟಿಲು ಮಾಡಿದರು. ಮರಾಠರ ಕಾಲದಲ್ಲಿ ನಿಮ್ಮವರು ಅದನ್ನು ಎಬ್ಬಿಸಿ ಮನೆಗೆ ತಂದರು. ಇಂಗ್ಲಿಷರು ರೈಲು ಹಾಕುವಾಗ ಎಲ್ಲಿಗೋ ಎಳೆದು ಬಿಸಾಡಿದರು, ಅಲ್ಲಿಂದ ಕಲ್ಲು ಕಾಣೆ. ನಿಮ್ಮ ಅಜ್ಜ ಹುಡುಕಿದರು, ಅಪ್ಪ ಹುಡುಕಿದರು, ನಿವೃತ್ತರಾದ ಮೇಲೆ ನೀವು ಬಾವಿಗೂ ಇಳಿದು ನೋಡಿದಿರಿ.

ಆಗಲೇ ಸರಕಾರದ ನೋಟೀಸು ಬಂದದ್ದು; ಆ ಜಾಗದ ಮೇಲೆ ಒಬ್ಬ ಬಿಲ್ಡರನ ಕಣ್ಣಿತ್ತು. ಅರಬ್‌ವಾಡಿ ಹಳೆಯ ಗ್ರಾಮ ಎಂಬುದಕ್ಕೆ ಪುರಾವೆ ಕೊಟ್ಟರೆ ಮನೆಗಳು ಇದ್ದಲ್ಲೇ ಉಳಿಯುತ್ತವೆ. ಇಲ್ಲದಿದ್ದರೆ ಅಕ್ರಮ ವಸತಿ, ಎಲ್ಲರೂ ಖಾಲಿ ಮಾಡಬೇಕು. ನಿಮ್ಮ ಹತ್ತಿರ ಬಾಯಿಮಾತಿನ ಕಥೆ ಬಿಟ್ಟರೆ ಒಂದು ಚೂರು ಕಾಗದವೂ ಇರಲಿಲ್ಲ.

ಅದೇ ತಿಂಗಳು ನಾನು ದೊಡ್ಡ ಗ್ರೈಂಡರ್ ಕೂರಿಸಲು ರುಬ್ಬುವ ಕೋಣೆಯ ನೆಲ ಅಗೆಸಿದೆ. ಸಿಮೆಂಟಿನ ಅಡಿಯಲ್ಲಿ ಚಪ್ಪಡಿಯೊಂದು ಸಿಕ್ಕಿತು. ಹೊರಗಿನಿಂದ ಬಂದಿದ್ದ ಇಬ್ಬರು ಮಿಸ್ತ್ರಿಗಳು ಅದನ್ನು ಮಗುಚಿ ಹಾಕಿ ಹೋದರು. ನೀರು ಎರಚಿ ತೊಳೆದಾಗ ಕತ್ತೆ ಕಂಡಿತು. ನಿಮ್ಮ ಕಲ್ಲು ಸಿಕ್ಕಿತೆಂದು ಖುಷಿಪಟ್ಟೆ ಚಾಚಾ, ಅದು ಮಾತ್ರ ಸುಳ್ಳಲ್ಲ. ನಾನೇ ಓಡಿ ಬಂದು ನಿಮ್ಮನ್ನು ಕರೆದೆ. ನೀವು ಆ ಒದ್ದೆ ನೆಲದ ಮೇಲೆ ಮಂಡಿಯೂರಿ, ಅರಬ್ಬಿ ಸಾಲಿನ ಮೇಲೆ ಬೆರಳಾಡಿಸುತ್ತಾ, ಚಿಕ್ಕ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತಿರಿ. ನಿಮ್ಮ ಡಬ್ಬಾ ಫೋನಿನಲ್ಲಿ ಫೋಟೋ ಬರುತ್ತಿರಲಿಲ್ಲ. ನನ್ನ ಮೊಬೈಲಿನಲ್ಲಿ ತೆಗೆದೆ, ಮಗಳಿಂದ ಪ್ರಿಂಟ್ ಹಾಕಿಸಿ ಕೊಡುತ್ತೇನೆ ಎಂದೆ. ಪುರಾವೆ ನೋಡಲು ಆಫೀಸರ್ ಗುರುವಾರ ಬರುವವರಿದ್ದರು. ಅಲ್ಲಿಯವರೆಗೆ ಯಾರಿಗೂ ಹೇಳಬೇಡಿ, ಬಿಲ್ಡರ್ ಕಡೆಯವರು ಕದ್ದಾರು — ಇದನ್ನು ಹೇಳಿದವನೂ ನಾನೇ. ಆಗ ಅದು ಒಳ್ಳೆಯ ಮನಸ್ಸಿನಿಂದ ಬಂದ ಮಾತು. ಎರಡೇ ದಿನದಲ್ಲಿ ಅದೇ ಮಾತು ನನಗೆ ಅನುಕೂಲವಾಯಿತು. ನೀವು ಯಾರಿಗೂ ಹೇಳಲಿಲ್ಲ, ಸ್ವಂತ ಮಗಳಿಗೂ.

ಬಿಲ್ಡರನ ಮನುಷ್ಯ ಮಂಗಳವಾರ ಬಂದು ಕಾಫಿ ಕುಡಿದ. ವಾಡಿ ಉಳಿದರೆ ನೀನು ಸಾಯುವವರೆಗೂ ಬಾಡಿಗೆಯವನೇ. ವಾಡಿ ಹೋದರೆ ಹೊಸ ಕಟ್ಟಡದಲ್ಲಿ ಮೂಲೆಯ ಅಂಗಡಿ ನಿನ್ನ ಹೆಸರಿಗೆ ಎಂದ. ಅವನಿಗೆ ಕಲ್ಲಿನ ವಿಷಯ ಗೊತ್ತೇ ಇರಲಿಲ್ಲ. ನನ್ನನ್ನು ಯಾರೂ ಹೆದರಿಸಲಿಲ್ಲ, ಯಾರೂ ಒತ್ತಾಯಿಸಲಿಲ್ಲ. ಅವನು ಎದ್ದು ಹೋಗುವಷ್ಟರಲ್ಲಿ ನಾನು ನಿರ್ಧಾರ ಮಾಡಿ ಆಗಿತ್ತು.

ನಮ್ಮ ಹೋಟೆಲಿನವರಿಗೆ ಮಾತ್ರ ಹೊಳೆಯಬಹುದಾದ ಉಪಾಯ ಅದು. ರುಬ್ಬುವ ಕಲ್ಲು ಸವೆದಾಗ ಉಳಿಯಿಂದ ಕಚ್ಚು ಹಾಕಿಸುತ್ತೇವಲ್ಲ, ಹಿಟ್ಟಿನ ನೀರಿಗೆ ಕಾಲು ಜಾರದಿರಲಿ ಎಂದು ಆ ಕೋಣೆಯ ನೆಲದ ಕಲ್ಲಿಗೂ ಹಾಗೇ ಹಾಕಿಸುತ್ತೇವೆ. ‘ಟಾಕೀ’ ಎಂದು ಕೂಗುತ್ತಾ ಗಲ್ಲಿ ಗಲ್ಲಿ ತಿರುಗುವ, ಕಲ್ಲಿಗೆ ಕಚ್ಚು ಹಾಕುವ ಮುದುಕಿಯನ್ನು ಬುಧವಾರ ಊಟದ ಗಿರಾಕಿಗಳು ಹೋದ ಮೇಲೆ ಒಳಗೆ ಕರೆದೆ. ಅಡುಗೆಯವರು ಮಾಳಿಗೆಯಲ್ಲಿ ಮಲಗಿದ್ದರು. ಅವಳಿಗೆ ಓದು ಬಾರದು. ಮೇಲಿನ ಸಾಲುಗಳನ್ನು ಟಕ ಟಕ ಹೊಡೆದು ಮುಗಿಸಿದಳು. ಕತ್ತೆಯ ಹತ್ತಿರ ಬಂದದ್ದೇ ಅವಳ ಕೈ ನಿಂತಿತು.

“ಶೇಠ್, ಗಾಢವ್ ಆಹೇ. ಹೇ ನಕೋ.”

ಕತ್ತೆ ಇದೆ, ಇದು ಬೇಡ ಎಂದಳು. ಓದು ಬಾರದವಳಿಗೆ ಆ ಶಾಪ ಗೊತ್ತಿತ್ತು. ಹೆಚ್ಚು ಕೊಡುತ್ತೇನೆ ಎಂದೆ. ಬೇಡವೇ ಬೇಡ ಎಂದು ಗೋಡೆಗೆ ಒರಗಿ ಕುಳಿತಳು. ಆಗ ಅವಳ ಕೈಯಿಂದ ಉಳಿ ಕಿತ್ತುಕೊಂಡು ನಾನೇ ಹೊಡೆದೆ. ಕಿವಿ, ಬೆನ್ನು, ಕಾಲು — ಒಂದೊಂದಾಗಿ. ಮೇಲೆ ಉದ್ದಿನ ಹಿಟ್ಟು ಬಳಿದು ಹುಳಿಯಲು ಬಿಟ್ಟೆ, ಬೆಳಿಗ್ಗೆ ತಿಕ್ಕಿ ತೊಳೆದಾಗ ಹೊಸ ಕಚ್ಚುಗಳೆಲ್ಲ ಹಳೆಯವುಗಳಂತೆ ಕಂಡವು. ಪರಂಗಿಯವರು ತುಳಿದರು, ಅಳಿಸಲಿಲ್ಲ. ಇಂಗ್ಲಿಷರು ಬಿಸಾಡಿದರು, ಅಳಿಸಲಿಲ್ಲ. ಕೊಟ್ಟ ರಾಜರ ಭಾಷೆಯವನು ಬರಬೇಕಾಯಿತು ಅಳಿಸಲು.

ಫೋಟೋ ಒಂದು ಉಳಿದಿತ್ತು. ಬುಧವಾರ ರಾತ್ರಿ ಮನೆಯಲ್ಲಿ ಮಗಳು ದೀಪ್ತಿ ನನ್ನ ಮೊಬೈಲಿನಲ್ಲಿ ಅದನ್ನು ಕಂಡು, “ಪಪ್ಪಾ, ಹೇ ಕಾಯ್ ಆಹೇ?” ಎಂದಳು, ಇದೇನು ಎಂದು. “ಎಂಥದ್ದೂ ಇಲ್ಲ ಮಗಾ, ನೆಲದ ಕಲ್ಲು” ಎಂದು ಅವಳ ಕೈಯಿಂದ ತೆಗೆದುಕೊಂಡು ಅಲ್ಲೇ ಡಿಲೀಟ್ ಮಾಡಿದೆ. ಅವಳು ನೋಡುತ್ತಲೇ ಇದ್ದಳು.

ಗುರುವಾರ ನೀವು ಇಸ್ತ್ರಿ ಹಾಕಿದ ಬಿಳಿ ಶರ್ಟು ತೊಟ್ಟು, ವಾಡಿಯ ಹತ್ತು ಹನ್ನೆರಡು ಜನರನ್ನು ಕರೆದುಕೊಂಡು, ಆಫೀಸರ ಮುಂದೆ ಮುಂದೆ ನಡೆದು ಬಂದಿರಿ. ಕಲ್ಲನ್ನು ನೋಡಿದಿರಿ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಿರಿ. ಮಂಡಿಯೂರಿ ಬೆರಳಾಡಿಸಿದಿರಿ, ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ. ಕೊನೆಗೆ ತಲೆಯೆತ್ತಿ ನನ್ನನ್ನು ನೋಡಿ ಕೇಳಿದಿರಿ: “ಸದಾ, ತೂನೇ ಭೀ ದೇಖಾ ಥಾ ನಾ? ತೂನೇ ಫೋಟೋ ಲಿಯಾ ಥಾ...”

ನೀನೂ ನೋಡಿದ್ದೆಯಲ್ಲ, ಫೋಟೋ ತೆಗೆದಿದ್ದೆಯಲ್ಲ ಎಂದು. ನಾನು ಆಫೀಸರ ಕಡೆ ತಿರುಗಿ ಹೇಳಿದೆ: “ಇಸ್ ಪೇ ಕಭೀ ಕುಛ್ ಲಿಖಾ ಹೀ ನಹೀ ಥಾ, ಸಾಹಬ್. ಚಾಚಾ ಕೀ ಉಮರ್ ಹೋ ಗಯೀ ಹೈ.”

ಇದರ ಮೇಲೆ ಯಾವತ್ತೂ ಏನೂ ಬರೆದಿರಲಿಲ್ಲ, ಚಾಚಾಗೆ ವಯಸ್ಸಾಯಿತು. ತಲೆ ಮೇಲೆ ಹೊಡೆದ ಹಾಗೆ ಹೇಳಿದೆ. ಹೇಳುವಾಗ ಸ್ವಲ್ಪ ನಕ್ಕೆ ಕೂಡ — ಪಾಪ ಮುದುಕ ಎಂಬ ಹಾಗೆ. ಆಫೀಸರೂ ನಕ್ಕರು. ವಾಡಿಯವರು ನಗಲಿಲ್ಲ, ನಿಮ್ಮನ್ನೇ ನೋಡುತ್ತಾ ನಿಂತರು.

ನೀವು ನನ್ನ ಮೇಲೆ ಕೂಗಾಡಿದ್ದರೆ, ಕಾಲರ್ ಹಿಡಿದಿದ್ದರೆ... ಇಲ್ಲ, ನೀವು ನನ್ನನ್ನು ನಂಬಿದಿರಿ. ನಿಮ್ಮ ಕಣ್ಣಿಗಿಂತ ನನ್ನ ಮಾತನ್ನು ಹೆಚ್ಚು ನಂಬಿದಿರಿ. ಮುಂದಿನ ಶುಕ್ರವಾರ ನಮಾಜ್ ಆದ ಮೇಲೆ ಎಲ್ಲರೆದುರು ಕೈ ಮುಗಿದು, ನನ್ನ ತಲೆ ಸರಿ ಇಲ್ಲ, ಇಲ್ಲದ ಕಲ್ಲಿನ ಆಸೆ ಹುಟ್ಟಿಸಿದೆ, ಮಾಫ್ ಮಾಡಿ ಎಂದು ಕೇಳಿದಿರಂತೆ. ಆಮೇಲೂ ದಿನಾ ಚಹಾಕ್ಕೆ ಬಂದು, ಯಾರೂ ಇಲ್ಲದಾಗ ಮೆಲ್ಲಗೆ ಕೇಳುತ್ತಿದ್ದಿರಿ, ನಿಜವಾಗಿ ಏನೂ ಇರಲಿಲ್ಲವೇ ಸದಾ ಎಂದು. ಒಂದು ದಿನವಲ್ಲ, ವಾಡಿ ಕೆಡವುವವರೆಗೆ ಎರಡು ತಿಂಗಳು. ಪ್ರತಿ ದಿನವೂ ನಾನು ಇರಲಿಲ್ಲ ಎಂದೆ. ಕಲ್ಲು ಅಳಿಸಿದ್ದು ಒಂದು ಮಧ್ಯಾಹ್ನದ ಕೆಲಸ, ನಿಮ್ಮನ್ನು ಅಳಿಸಲು ಅಷ್ಟು ದಿನ ಹಿಡಿಯಿತು.

ಜೆಸಿಬಿ ಬಂದ ದಿನ ಹೋಟೆಲಿನ ಜೊತೆ ಆ ಚಪ್ಪಡಿಯೂ ಮೂರು ತುಂಡಾಯಿತು. ಒಂದು ತುಂಡಿನ ಪಕ್ಕದ ಅಂಚಿನಲ್ಲಿ, ಮಣ್ಣಿನೊಳಗೆ ಹುದುಗಿದ್ದ ಕಡೆ, ಅರ್ಧ ಸಾಲು ಅರಬ್ಬಿ ಹಾಗೇ ಉಳಿದಿತ್ತು. ಆಫೀಸಿಗೆ ಓಡಲು ಆಗಲೂ ಸಮಯವಿತ್ತು; ಆಗಿನ್ನೂ ಒಂಬತ್ತು ಮನೆ ಮಾತ್ರ ಬಿದ್ದಿದ್ದವು. ನಾನು ಆ ತುಂಡನ್ನು ಗೋಣಿಯಲ್ಲಿ ಸುತ್ತಿ ಡೊಂಬಿವ್ಲಿಯ ಮನೆಗೆ ತಂದೆ. ಯಾಕೆ ತಂದೆನೋ ನನಗೆ ಇವತ್ತಿಗೂ ಗೊತ್ತಿಲ್ಲ. ಹೆಂಡತಿ ಜಲಜ ಅದನ್ನು ಬಾಲ್ಕನಿಯಲ್ಲಿ ಗೋಡೆಗೆ ತಾಗಿಸಿಟ್ಟು, ಮೇಲೆ ತುಳಸಿ ಕುಂಡ ಇಟ್ಟಿದ್ದಾಳೆ. ದಿನಾ ಬೆಳಿಗ್ಗೆ ಅದಕ್ಕೆ ದೀಪ ಹಚ್ಚುತ್ತಾಳೆ. “ಒಳ್ಳೆ ಕಲ್ಲು ತಂದಿದ್ರಿ ಮಾರಾಯ್ರೆ, ಕುಂಡ ಒಂಚೂರೂ ಅಲ್ಲಾಡುದಿಲ್ಲ” ಎನ್ನುತ್ತಾಳೆ.

ಕಳೆದ ವಾರ, ವಾಡಿ ಹೋದ ಮೇಲೆ ನೀವು ಸೇರಿದ ತುರ್ಭೆಯ ಏಳನೇ ಮಾಳಿಗೆಯ ಕೋಣೆಗೆ ಬಂದಿದ್ದೆ. ಆರು ವರ್ಷದಲ್ಲಿ ಮೊದಲ ಸಲ. ನಿಮ್ಮ ಮಗಳು ಚಹಾ ಕೊಟ್ಟಳು. ಮೊಮ್ಮಗ ನಿಮ್ಮ ಹತ್ತಿರ ಹಳೆಯ ಕಥೆ ಕೇಳಿದ. ಹಡಗು, ಕುದುರೆ ಎಂದು ಶುರು ಮಾಡಿದವರು ತಟ್ಟನೆ ನಿಲ್ಲಿಸಿ, “ಪತಾ ನಹೀ ಬೇಟಾ, ಶಾಯದ್ ಮೈನೇ ಸೋಚ್ ಲಿಯಾ ಹೋಗಾ” ಎಂದಿರಿ. ಎಲ್ಲ ನಾನೇ ಕಲ್ಪಿಸಿಕೊಂಡಿರಬೇಕು ಎಂದು. ಸಾವಿರ ವರ್ಷ ಬಾಯಿಂದ ಬಾಯಿಗೆ ಬಂದದ್ದು ಆ ಕೋಣೆಯಲ್ಲಿ ನನ್ನ ಕಣ್ಣೆದುರೇ ನಿಂತುಹೋಯಿತು. ಆಗಲೂ ನಾನು ಚಹಾ ಮುಗಿಸಿ ಬಂದೆ.

ಕ್ಷಮೆ ಕೇಳಲು ಇದನ್ನು ಬರೆಯುತ್ತಿಲ್ಲ ಚಾಚಾ. ಆ ಮಾತು ನನ್ನ ಬಾಯಿಗೆ ಹೊಂದುವುದಿಲ್ಲ. ಈ ವಾರ ಆ ತುಂಡನ್ನು ಹೊತ್ತು ತುರ್ಭೆಗೆ ಬರುತ್ತೇನೆ. ನಿಮ್ಮ ಬೆರಳು ಹಿಡಿದು ಆ ಅರ್ಧ ಸಾಲಿನ ಮೇಲೆ ಇಡುತ್ತೇನೆ, ನಿಮ್ಮ ಮಗಳ ಎದುರು, ಮೊಮ್ಮಗನ ಎದುರು. ಆಮೇಲೆ ವಾಡಿಯ ಮೂವತ್ತೆಂಟು ಮನೆಯವರು ಎಲ್ಲೆಲ್ಲಿ ಇದ್ದಾರೋ ಅಲ್ಲಿಗೆಲ್ಲ ಹೋಗುತ್ತೇನೆ. ಅವರು ಏನು ಮಾಡಿದರೂ ಸರಿ.

ಅದಕ್ಕೂ ಮೊದಲು ಒಂದಿದೆ. ಈ ಕಾಗದವನ್ನು ನಿಮಗಾಗಿ ಮರಾಠಿಯಲ್ಲಿ ಬರೆಯಬೇಕು. ನನ್ನ ಮರಾಠಿ ಬರವಣಿಗೆ ಅಷ್ಟಕ್ಕಷ್ಟೆ, ದೀಪ್ತಿಯೇ ಬರೆಯಬೇಕು. ಅವಳಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಒಂದೊಂದೇ ಸಾಲನ್ನು ನಾನೇ ಗಟ್ಟಿಯಾಗಿ ಓದಿ ಹೇಳಬೇಕು. ಆ ಫೋಟೋ ಏನೆಂದು ಕೇಳಿದವಳು ಅವಳು. ನಾಳೆ ಭಾನುವಾರ, ಅವಳಿಗೆ ರಜೆ. ತಿಂಡಿ ಆದ ಮೇಲೆ ಬಾಲ್ಕನಿಯಲ್ಲಿ, ತುಳಸಿ ಕುಂಡ ಕೆಳಗಿಳಿಸಿ, ಅವಳನ್ನು ಎದುರಿಗೆ ಕೂರಿಸಿಕೊಂಡು ಮೊದಲ ಸಾಲಿನಿಂದ ಓದುತ್ತೇನೆ. ಒಂದೊಂದು ಸಾಲು ಓದಿದ ಮೇಲೂ ಕಾಗದದಿಂದ ತಲೆಯೆತ್ತಿ ಅವಳ ಮುಖವನ್ನೇ ನೋಡುತ್ತೇನೆ.