ಪಾರಮ್ಮನ ಅಳತೆ

ಪಾರಮ್ಮ ಹಚ್ಚೊಳ್ಳಿಯವರು. ಮದುವೆಯಾದಾಗಿನಿಂದ ಕಣದಲ್ಲಿ ಭತ್ತ ಅಳೆದವರು. ಊರಿಗೆ ತೂಕದ ಯಂತ್ರ ಬಂದ ಮೇಲೆ ಬಳ್ಳಾರಿಯಲ್ಲಿರುವ ತಮ್ಮ ಮಗಳ ಮನೆ ಸೇರಿದರು. ಈಗ ಸಂಬಳಕ್ಕೆ ನಮ್ಮ ಮನೆಗೆ ಬಂದು, ಶಿಶುವಿಹಾರ ಮುಗಿದ ಮೇಲೆ ನನ್ನ ಮಗಳು ತನ್ಮಯಿಯನ್ನು ನೋಡಿಕೊಳ್ಳುತ್ತಾರೆ. ತನ್ಮಯಿಗೆ ನಾಲ್ಕು ವರ್ಷ. ಅವಳ ಬಗ್ಗೆ ನನಗೆ ಬಹಳ ಭಯಗಳಿವೆ.

ಮಕ್ಕಳು ಸಂಖ್ಯೆಗಳನ್ನು ಹೇಗೆ ಗ್ರಹಿಸುತ್ತಾರೆ, ಎಷ್ಟು ಹೊತ್ತು ನೆನಪಿಡುತ್ತಾರೆ ಎಂದು ಸಂಶೋಧನೆ ಮಾಡುವ ಅನಿತಾ ಎಂಬ ಹುಡುಗಿ ಶಿಶುವಿಹಾರಕ್ಕೆ ಬಂದಿದ್ದಳು. ತಾಯಂದಿರೂ ಕೂರಬಹುದಿತ್ತು. ಲ್ಯಾಪ್‌ಟಾಪಿನಲ್ಲಿ ಒಂದು ಚುಕ್ಕಿ ಮಿಂಚಿ ಮಾಯವಾಯಿತು.

"ಎಷ್ಟಿತ್ತು ಪುಟ್ಟಿ?"

"ಲಾಭ," ಎಂದಳು ತನ್ಮಯಿ.

ಅನಿತಾ ಏನೋ ಬರೆದುಕೊಂಡು ಮೂರು ಚುಕ್ಕಿ ತೋರಿಸಿದಳು. "ಮೂರು ಮೂರು ಮೂರು ಮೂರು..." ತನ್ಮಯಿ ಮುಂದಿನ ಚಿತ್ರ ಬರುವವರೆಗೂ ನಿಲ್ಲಿಸಲಿಲ್ಲ. ನಡುವೆ ಹೆಸರು ಕೇಳಿದರೂ ಮೂರು ಎಂದೇ ಹೇಳಿದಳು.

"ನಾಳೆ ಇನ್ನೊಮ್ಮೆ ನೋಡೋಣ," ಎಂದಳು ಅನಿತಾ. ಆಟೋದಲ್ಲೇ ಮೊಬೈಲು ತೆಗೆದು ಹುಡುಕಿದೆ. ಮನೆ ತಲುಪುವಷ್ಟರಲ್ಲಿ ಮಗುವಿಗೆ ಮೂರು ಕಾಯಿಲೆ ಸಿಕ್ಕಿದ್ದವು.

ಅಡುಗೆಮನೆಯಲ್ಲಿ ಪಾರಮ್ಮ ಅಕ್ಕಿ ಅಳೆಯುತ್ತಿದ್ದರು. "ಲಾಭ ಲಾಭ ಲಾಭ... ಎರಡು ಎರಡು ಎರಡು..." ಕರೆದೆ. ಮುಗಿಸಿಯೇ ತಿರುಗಿದರು.

"ಅಳಿಯಾಗ ಮಾತಾಡಿದ್ರ ಲೆಕ್ಕ ಮರೀತೈತ್ರಿ ಅಕ್ಕಾರ. ಅಳತಿ ಸುರುವೂತನಕ ಅಂಕಿ ಬಾಯಾಗ ಇರಬೇಕು. ನಮ್ಮ ಮನಿಯವ್ರು ಕಣಕ್ಕ ಓಡಿಬಂದು ಎಮ್ಮಿ ಈದೈತಿ ಅಂದ್ರೂ ನಾ ಬಾಯಿ ಬಿಟ್ಟಿಲ್ಲ."

"ಒಂದು ಅಂತ ಹೇಳಿಕೊಡಬಾರದೇನ್ರಿ ಅವಳಿಗೆ?"

"ಅಯ್ಯ, ಕಾಳು ಅಳಿಯಾಗ ಯಾರರ ಒಂದು ಅಂತಾರೇನ್ರಿ? ಲಾಭ ಅನ್ನಬೇಕು. ಇಲ್ಲಾಂದ್ರ ಮನಿ ಬರಕತ್ತು ಹೋಗ್ತೈತಿ!"

ನಾಳೆಯೂ ಹೀಗೇ ಆದರೆ ತನ್ಮಯಿಯನ್ನು ಡೇಕೇರಿಗೆ ಹಾಕುತ್ತೇನೆ, ನೀವು ಬರುವುದು ಬೇಡ ಎಂದೆ. ಡೇಕೇರಿನವರಿಗೆ ಫೋನ್ ಮಾಡಿ ಜಾಗವನ್ನೂ ಹೇಳಿಟ್ಟೆ. ಪಾರಮ್ಮ ಅಕ್ಕಿ ಡಬ್ಬಿಯ ಮುಚ್ಚಳ ಹಾಕಿದರು.

"ನಾಳಿ ನಾನೂ ಬರ್ತೀನ್ರಿ."

ಮರುದಿನ ಇಳಕಲ್ ಸೀರೆ ಉಟ್ಟು ಶಿಶುವಿಹಾರಕ್ಕೆ ಬಂದರು. ಲ್ಯಾಪ್‌ಟಾಪಿನ ಮುಂದೆ ಬಗ್ಗಿ ನೋಡಿ, "ಇದೇನ್ರಿ, ಬರೇ ಚುಕ್ಕಿ!" ಎಂದರು. ತನ್ಮಯಿಯ ಕಡೆ ತಿರುಗಿ, "ಇವನ್ನ ಯಾರೂ ಚೀಲಕ್ಕ ತುಂಬಂಗಿಲ್ಲವ್ವ, ಒಲಿಮ್ಯಾಲ ಇಡಂಗಿಲ್ಲ. ಸುಮ್ನ ಎಣಿಸಿ ಬಿಡು."

"ಒಂದು," ಎಂದಳು ತನ್ಮಯಿ. ಆಮೇಲೆ "ಮೂರು." ಒಂದೇ ಸಲ. ಅನಿತಾ ನಾಲ್ಕು ಅಂಕಿ ಹೇಳಿ, ಅವನ್ನೇ ಮತ್ತೆ ಹೇಳೆಂದರೆ ಮೂರನ್ನು ಹೇಳಿ ಕೊನೆಯದನ್ನು ಮರೆತಳು. ಈ ವಯಸ್ಸಿಗೆ ಅಷ್ಟು ಸಾಕು ಎಂದಳು ಅನಿತಾ. ಆದರೆ ದೊಡ್ಡವರು ನಡುವೆ ಬಾಯಿ ಹಾಕಿದ್ದರಿಂದ ಇದನ್ನು ಫಲಿತಾಂಶಕ್ಕೆ ಸೇರಿಸಿಕೊಳ್ಳಲು ಬರುವುದಿಲ್ಲವಂತೆ.

"ಹಂಗಾರ ನನ್ನ ಕೆಲಸ?" ಪಾರಮ್ಮ ಕೇಳಿದ್ದು ನನ್ನನ್ನಲ್ಲ, ಅನಿತಾಳನ್ನು. ಅವಳು ನನ್ನ ಮುಖ ನೋಡಿದಳು.

ನಾನು ಹೊರಗೆ ಬಂದು ಡೇಕೇರಿಗೆ ಫೋನ್ ಮಾಡಿ, ಮಗುವಿಗೆ ನೆಗಡಿ, ಬರುವುದಿಲ್ಲ ಎಂದೆ. ಯಾವಾಗ ವಾಸಿಯಾಗುತ್ತದೆ ಎಂದು ಕೇಳಿದರು. ಹೇಳಲು ಬರುವುದಿಲ್ಲ ಎಂದೆ.